ಚಿರತೆ ಮರಿಯ ಮುಂದೆ ಜಪಾನಿ ಪಾಠ

"ಮುಟ್ಬೇಡ ಕಣೇ, ಎದ್ದು ಬಾ!" ಎಂದು ನಾನು ಪಿಸುಗುಟ್ಟುತ್ತಿದ್ದರೂ, ಅಕ್ಕನ ಮಗಳು ಸಿಂಚನ ಕೂಟಗಲ್‌ನ ನಮ್ಮ ಹೊಲದಲ್ಲಿ ಮಂಡಿಯೂರಿ, ರಾಗಿ ಕೊಯ್ಲಿನ ನಡುವೆ ಕಂಡ ಚಿರತೆ ಮರಿಗೆ ಕೈ ಚಾಚಿದ್ದಳು. ಬಾಯಲ್ಲಿ ಒಂದೇ ಮಾತು: "ಕವಾಯಿ!" ಜಪಾನಿ ಭಾಷೆ ಕಲಿಯಲು ಹೊರಟ ಮೇಲೆ ಕೀ ಬಂಚ್, ಬೋಂಡಾ, ನನ್ನ ಹಳೇ ಸ್ಕೂಟರ್ ಎಲ್ಲವೂ ಅವಳಿಗೆ ಕವಾಯಿ.

"ಮುದ್ದಾಗಿದೆ ಅಂತ ತಾನೇ? ಗೊತ್ತಾಯ್ತು, ಬಾ!"

"ಬರೀ ಮುದ್ದಲ್ಲ ಚಿಕ್ಕಿ. ಪುಟ್ಟದು, ಪಾಪ, ನಾವೇ ಕಾಪಾಡ್ಬೇಕು ಅನ್ಸುತ್ತಲ್ಲ, ಅದು ಕವಾಯಿ," ಎಂದು ಆ ಹೊತ್ತಿನಲ್ಲೂ ನನ್ನನ್ನು ತಿದ್ದಿದಳು.

ಕುಡುಗೋಲು ಹಿಡಿದಿದ್ದ ದೊಡ್ಡಪ್ಪ, ಇನ್ನೂ ಕೊಯ್ಯದ ರಾಗಿಯತ್ತ ಕಣ್ಣು ನೆಟ್ಟು ಮೆಲ್ಲಗೆ ಹೇಳಿದರು: "ಕಾಪಾಡಕ್ಕೆ ಅದ್ರವ್ವ ಅಲ್ಲೇ ಕುಂತೈತೆ ಕಣವ್ವ. ಬೆನ್ನು ತೋರಿಸ್ದೆ ಹಂಗೇ ಹಿಂದಕ್ಕೆ ಬಾ."

ತೆನೆಗಳ ನಡುವೆ ಎರಡು ಕಿವಿಗಳು ಕಂಡವು. ಅವಳ ರಟ್ಟೆ ಹಿಡಿದು ಬದುವಿನವರೆಗೆ ಹಿಂದಕ್ಕೆ ನಡೆದದ್ದು ಇನ್ನೂ ಕನಸಿನಲ್ಲಿ ಬರುತ್ತದೆ. ಬದು ದಾಟಿದ ಮೇಲೆ ಅವಳು, "ಅವರಮ್ಮ ಮಾತ್ರ ಕವಾಯಿ ಅಲ್ಲ ಚಿಕ್ಕಿ," ಎಂದಳು!

ಈಗ ಬೀದಿಯಲ್ಲಿ ನಾಯಿಮರಿ ಕಂಡರೂ ನಾನು ಮೊದಲು ಅದರ ತಾಯಿ ಎಲ್ಲಿದೆ ಎಂದು ಸುತ್ತ ನೋಡುತ್ತೇನೆ. ಅಷ್ಟರಲ್ಲಿ ಸಿಂಚನ ಅದರ ಮುಂದೆ ಕುಳಿತುಬಿಟ್ಟಿರುತ್ತಾಳೆ.