ಅಣ್ಣನ ಮೂಳೆಯೊಳಗೆ ನನ್ನ ರಕ್ತ

ಅಣ್ಣನ ಮುಂಗೈ ಮೇಲೆ ನೀಲಿ ಕಲೆಗಳಿದ್ದವು.

ಮಳವಳ್ಳಿ-ಮದ್ದೂರು ನಡುವೆ ಓಡುವ ಖಾಸಗಿ ಬಸ್ಸಿನಲ್ಲಿ ಅವನು ಕಂಡಕ್ಟರ್. ರಶ್ಶಲ್ಲಿ ಸೀಟಿನ ಕಂಬಿ ತಗಲಿ ಕಂದಿರಬೇಕು ಎಂದ. ಹಲ್ಲುಜ್ಜಿದರೆ ರಕ್ತ ಬರುತ್ತದೆ ಎಂದು ಅವ್ವ ಸೇರಿಸಿದಳು. ರಜೆಗೆ ಊರಿಗೆ ಬಂದಿದ್ದ ನಾನು ತುತ್ತು ತಟ್ಟೆಗಿಟ್ಟು ಅವನ ಕೈ ತಿರುಗಿಸಿ ನೋಡಿದೆ. ಬೆಂಗಳೂರಿನ ಲ್ಯಾಬಿನಲ್ಲಿ ನನ್ನ ಸಂಶೋಧನೆಯೇ ಅದು. ಮೂಳೆಮಜ್ಜೆಯೊಳಗೆ ಜೀವಮಾನವಿಡೀ ರಕ್ತ ಹುಟ್ಟಿಸುವ ಸ್ಟೆಮ್ ಸೆಲ್‌ಗಳು ಹೇಗೆ ಹಾದಿ ತಪ್ಪಿ ಲ್ಯುಕೀಮಿಯಾ, ಅಂದರೆ ರಕ್ತದ ಕ್ಯಾನ್ಸರ್, ಆಗುತ್ತವೆ ಎಂದು ನೋಡುವುದು.

ಮರುದಿನವೇ ಮಂಡ್ಯದಲ್ಲಿ ಬ್ಲಡ್ ಟೆಸ್ಟ್. ಆಮೇಲೆ ಬೆಂಗಳೂರಿನಲ್ಲಿ ಬೋನ್ ಮ್ಯಾರೋ ಟೆಸ್ಟ್.

ಅಕ್ಯೂಟ್ ಲ್ಯುಕೀಮಿಯಾ.

ಅಣ್ಣನಿಗೆ ಹೆಣ್ಣು ನೋಡುತ್ತಿದ್ದೆವು. ಅಪ್ಪ ಇಲ್ಲದ ಮನೆ. ಅವ್ವ ಏನೂ ಕೇಳಲಿಲ್ಲ. ನನ್ನ ಮುಖ ನೋಡಿದಳು, ಅಷ್ಟೇ.

ಕೀಮೋ ಶುರುವಾಯಿತು. ಕೂದಲು ಉದುರಿತು. ಬಾಯಿ ತುಂಬ ಹುಣ್ಣಾಗಿ ಅಂಬಲಿಯೂ ಇಳಿಯದಾಯಿತು. ಇಂಥ ಕೋಶಗಳನ್ನು ಮೈಕ್ರೋಸ್ಕೋಪಿನಲ್ಲಿ ನಾನು ಎಷ್ಟೋ ವರ್ಷ ನೋಡಿದ್ದೇನೆ. ಸ್ಲೈಡಿನ ಮೇಲೆ ಅವಕ್ಕೆ ನೋವಿರಲಿಲ್ಲ. ಅಣ್ಣನಿಗಿತ್ತು.

ರೋಗ ತಗ್ಗಿತು. ಆದರೆ ಮತ್ತೆ ಬರುವ ಸಾಧ್ಯತೆ ಹೆಚ್ಚು, ಹೊಂದುವ ಬೇರೊಬ್ಬರ ಸ್ಟೆಮ್ ಸೆಲ್ ಹಾಕುವ ಟ್ರಾನ್ಸ್‌ಪ್ಲಾಂಟ್ ಆಗಬೇಕು ಎಂದರು ಡಾಕ್ಟರು. ನನ್ನ ರಕ್ತ ಪರೀಕ್ಷಿಸಿದರು. ಪೂರ್ತಿ ಮ್ಯಾಚ್ ಆಯಿತು.

ಅಣ್ಣ ಒಪ್ಪಲಿಲ್ಲ.

"ಮೂಳೆ ಕೊರ್ಸ್ಕೊಂಡು ನೀನೂ ಮಂಚ ಇಡುದ್ರೆ ಅವ್ವನ್ನ ಯಾರಮ್ಮಿ ನೋಡ್ಕೊಳ್ಳೋರು?"

"ಕೊರೆಯಲ್ಲ ಕಣಣ್ಣ. ತೋಳಿಂದ ರಕ್ತ ತೆಗ್ದು, ಬೇಕಾದ್ ಸೆಲ್ ಇಟ್ಕೊಂಡು, ಮಿಕ್ಕಿದ್ದು ವಾಪಸ್ ಬಿಡ್ತಾರೆ. ನಂಗೆ ಮತ್ತೆ ಹುಟ್ಟುತ್ತೆ."

ಅವನು ಗೋಡೆ ಕಡೆ ತಿರುಗಿ ಮಲಗಿದ. ಆ ಕಡೆಯಿಂದಲೇ ಕೇಳಿದ: "ಇಷ್ಟೆಲ್ಲ ಓದಿದ್ದೀಯಲ್ಲ. ವಾಸಿ ಆಯ್ತದಾ, ಯೋಳು."

ಹೂಂ ಎನ್ನಲು ಹೋದವಳು ಅವನ ಮಂಚದಂಚಿಗೆ ಕೂತೆ.

"ಗೊತ್ತಿಲ್ಲ ಅಣ್ಣ. ಇದಕ್ಕಿಂತ ಒಳ್ಳೆ ದಾರಿ ಇಲ್ಲ ಅನ್ನೋದಷ್ಟೇ ಗೊತ್ತು."

"ನೋಡಕ್ ಬಂದೋರೆಲ್ಲ ವಾಸಿ ಆಯ್ತದೆ ಅಂತ್ಲೇ ಯೋಳ್ತಾವ್ರೆ. ನೀನೊಬ್ಳೇ ದಿಟ ಯೋಳಿದ್ದು. ಆಯ್ತು ಬುಡು, ಮಾಡ್ಸು."

ಸ್ಟೆಮ್ ಸೆಲ್‌ಗಳು ಮಜ್ಜೆ ಬಿಟ್ಟು ರಕ್ತಕ್ಕಿಳಿಯಲಿ ಎಂದು ಕೆಲವು ದಿನ ನನಗೆ ಇಂಜೆಕ್ಷನ್ ಕೊಟ್ಟರು. ಸೊಂಟ, ಬೆನ್ನು, ಎದೆಗೂಡು ಎಲ್ಲ ನೋಯತೊಡಗಿದವು. ಯಾಕೆ ನೋಯುತ್ತದೆ ಎಂದು ತರಗತಿಯಲ್ಲಿ ಪಾಠ ಮಾಡಬಲ್ಲೆ. ಆದರೂ ಮಗ್ಗುಲು ಬದಲಿಸುವಾಗ ಅವ್ವಾ ಎಂದೇ ನರಳಿದೆ.

ಮೆಷಿನ್ನಿಗೆ ನನ್ನನ್ನು ಜೋಡಿಸಿದರು. ಒಂದು ತೋಳಿನಿಂದ ರಕ್ತ ಹೋಗುತ್ತಿತ್ತು, ಇನ್ನೊಂದಕ್ಕೆ ಬರುತ್ತಿತ್ತು. ಕೊನೆಗೆ ಉಳಿದದ್ದು ಒಂದು ಸಣ್ಣ ಚೀಲ. ಅದನ್ನು ಅಣ್ಣನ ಕುತ್ತಿಗೆಯ ಟ್ಯೂಬಿಗೆ ಏರಿಸಿದರು. ಹಳೆಯ ಮಜ್ಜೆಯನ್ನು ಕೀಮೋದಿಂದ ಬರಿದು ಮಾಡಿ, ಸೋಂಕು ತಗಲದಂತೆ ಅವನನ್ನು ಬೇರೆ ಕೋಣೆಯಲ್ಲಿಟ್ಟಿದ್ದರು. ಗಾಜಿನಾಚೆಯಿಂದ ಫೋನಿನಲ್ಲಿ ಕೇಳಿದ: "ಇಷ್ಟೇನಾ?"

ಇಷ್ಟೇ. ಆಮೇಲೆ ಕಾಯುವುದು. ಆ ಕೋಶಗಳು ಯಾರೂ ದಾರಿ ತೋರಿಸದೆ ಮಜ್ಜೆ ಹುಡುಕಿ ಹೋಗಿ ನೆಲೆಯೂರಬೇಕು. ಇದನ್ನು ಎಷ್ಟೋ ಸಲ ಬರೆದಿದ್ದೇನೆ, ಭಾಷಣ ಮಾಡಿದ್ದೇನೆ. ಆ ದಿನಗಳಲ್ಲಿ ಮಾತ್ರ ಅದು ನಂಬಲಾಗದ ಮಾತಾಗಿ ಕಂಡಿತು. ಅಣ್ಣನಿಗೆ ಜ್ವರ ಬಂತು. ರಕ್ತಕಣಗಳ ಕೌಂಟ್ ಏಳಲೇ ಇಲ್ಲ. ನನಗೆ ತಿಳಿದಿದ್ದ ಒಂದೊಂದು ತೊಡಕೂ ಎದುರು ಬಂದು ನಿಲ್ಲುತ್ತಿತ್ತು. ಏನೂ ತಿಳಿಯದ ಅವ್ವ ನನಗಿಂತ ಚೆನ್ನಾಗಿ ಉಂಡು ಮಲಗುತ್ತಿದ್ದಳು.

ಒಂದು ಬೆಳಿಗ್ಗೆ ಡಾಕ್ಟರು ವಾರ್ಡಿನಿಂದ ಹೊರಬಂದರು. "ಕೌಂಟ್ ಏರ್ತಾ ಇದೆ."

ನಾನು ಅವ್ವನನ್ನು ಕರೆಯಲು ಮೆಟ್ಟಿಲಿಳಿದು ಓಡಿದೆ.

ಕೆಲವು ವಾರಗಳ ಮೇಲೆ ಇನ್ನೊಂದು ರಿಪೋರ್ಟ್ ಬಂತು. ಅಣ್ಣನ ರಕ್ತಕಣಗಳಲ್ಲಿ ಈಗ ಹೆಣ್ಣಿನ ಕ್ರೋಮೋಸೋಮುಗಳು, ಅಂದರೆ ನನ್ನವು. ಬಿಡಿಸಿ ಹೇಳಿದೆ. ಅವನು ಮಾಸ್ಕ್ ಸರಿಪಡಿಸಿಕೊಂಡ.

"ಅಂಗಾರೆ ಇನ್ಮೇಲೆ ನಾನೂ ನಿನ್ನಂಗೆ ಎಲ್ದಕ್ಕೂ ವಾದ ಮಾಡ್ತೀನಾ?"

ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಈಗ ಅವನು ಮನೆಯಲ್ಲಿದ್ದಾನೆ. ಚರ್ಮದ ಮೇಲೆ ಆಗಾಗ ಗಂದೆ ಏಳುತ್ತದೆ. ನನ್ನ ಕೋಶಗಳು ಅವನ ಮೈಯನ್ನು ಇನ್ನೂ ಹೊರಗಿನದೆಂದೇ ತಿಳಿದು ಜಗಳ ತೆಗೆಯುತ್ತವೆ. ಮಾತ್ರೆ, ಚೆಕಪ್, ಮತ್ತೆ ಚೆಕಪ್. ಹೋದ ವಾರದ ರಿಪೋರ್ಟ್ ಚೆನ್ನಾಗಿತ್ತು. ಅವ್ವ ಸ್ಟವ್ ಮುಂದೆ ನಿಂತು ರಾಗಿಮುದ್ದೆ ಕಟ್ಟುತ್ತಾ, ಇಷ್ಟು ದಿನ ತಡೆದುಕೊಂಡಿದ್ದನ್ನು ಕೇಳಿಯೇಬಿಟ್ಟಳು.

"ಇನ್ ಬರಾಕಿಲ್ಲ ತಾನೇ ಅದು?"

ಅವಳು ಕೇಳಿದ್ದು ನನ್ನನ್ನು. ಅಣ್ಣ ಚಾಪೆ ಮೇಲೆ ಕೂತು ತಟ್ಟೆ ಎಳೆದುಕೊಂಡ.

"ಇವತ್ತಂತೂ ಇಲ್ಲ ಕಣವ್ವ. ಇಟ್ಟು ಆರೋಯ್ತದೆ, ಇಕ್ಕು."