ಊದುವವರ ಸಾಲಿನಲ್ಲಿ ತಪ್ಪಿ ಬಂದವನು

ರಾಯಚೂರಿನ ನಮ್ಮ ಮನೆಯ ಹಿಂದಿನ ಓಣಿಯಲ್ಲೇ ಒಂದು ಮಸೀದಿ ಇದೆ. ಅಲ್ಲಿಯ ಬಾಂಗು ಕೇಳಿ ಅವ್ವ ಒಲೆ ಹಚ್ಚುತ್ತಿದ್ದಳು, ನಾನು ಮಗ್ಗುಲು ಬದಲಿಸುತ್ತಿದ್ದೆ. ಒಳಗೆ ಮಾತ್ರ ಒಮ್ಮೆಯೂ ಕಾಲಿಡಲಿಲ್ಲ. ಸ್ವಂತ ಓಣಿಯ ಮಸೀದಿಯನ್ನು ಯಾರು ನೋಡುತ್ತಾರೆ? ನೋಡಬೇಕೆಂದರೆ ಪ್ರವಾಸಿಯಾಗಬೇಕು. ಪ್ರವಾಸಿಯಾಗಲು ನಾನು ಮಾನ್ವಿಯವರೆಗೆ ಹೋದೆ, ಅಂದರೆ ಬಸ್ಸಿನಲ್ಲಿ ಒಂದು ನಿದ್ದೆಯಷ್ಟು ದೂರ.

ಹೋದದ್ದು ಮಗಳ ದೆಸೆಯಿಂದ. ಹಾಲು ಕುಡಿಯುವ ಕೂಸು. ಹೊತ್ತು ಇಳಿಯುತ್ತಲೇ ಅಳಲು ಶುರು ಮಾಡಿದರೆ ಎದೆಗೆ ಬಾಯಿ ಹಚ್ಚುತ್ತಿರಲಿಲ್ಲ. ಡಾಕ್ಟರು ಹನಿ ಔಷಧಿ ಬದಲಿಸಿ ಬದಲಿಸಿ, ಕೊನೆಗೆ ತಾನಾಗಿಯೇ ಸರಿಹೋಗುತ್ತದೆ ಎಂದು ಹೇಳಿ ಅದಕ್ಕೂ ಫೀಸು ತೆಗೆದುಕೊಂಡರು. ಕೂಸಿನ ತುಂಬಿಕೊಂಡಿದ್ದ ತೊಡೆಗಳು ಸಡಿಲಾಗಿದ್ದವು. ಹೆಂಡತಿ ಆಗಾಗ ಕೂಸನ್ನು ಎತ್ತಿ ಕೈಯಲ್ಲೇ ತೂಗಿ ನೋಡುತ್ತಿದ್ದಳು. ಅವಳ ತವರು ದೇವದುರ್ಗ. ಅಲ್ಲಿಗೆ ಹೊರಟಾಗ ನೇರ ಬಸ್ಸು ತಪ್ಪಿತು, ಮಾನ್ವಿ ಸುತ್ತಿಕೊಂಡು ಹೊರಟೆವು.

ಮಾನ್ವಿಯಲ್ಲಿ ಮುಂದಿನ ಬಸ್ಸಿಗೆ ಹೊತ್ತಿತ್ತು. ಹತ್ತಿರದ ಮಸೀದಿಯಲ್ಲಿ ಊದಿಸಿಕೊಂಡು ಬರೋಣ ಎಂದಳು ಹೆಂಡತಿ. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ರೂಢಿ: ಸಂಜೆಯ ನಮಾಜು ಮುಗಿಯುವ ಹೊತ್ತಿಗೆ ತಾಯಂದಿರು, ಯಾವ ಜಾತಿಯವರಾದರೂ ಸರಿ, ಕೂಸು ಎತ್ತಿಕೊಂಡು ನೀರಿನ ಬಾಟಲಿ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ. ಹೊರಬರುವವರು ಬಾಯಲ್ಲಿ ಏನೋ ಓದಿಕೊಂಡು, ಕೂಸಿನ ಮೇಲೊಮ್ಮೆ ನೀರಿನ ಮೇಲೊಮ್ಮೆ ಊದಿ ತಮ್ಮ ಪಾಡಿಗೆ ಹೋಗುತ್ತಾರೆ. ನಾನು ವಿಚಾರವಂತ. ಕೆಮ್ಮಿನ ದಿನಗಳಲ್ಲಿ ಊರ ಮಂದಿಯ ಉಸಿರೆಲ್ಲ ಕೂಸಿನ ಮುಖಕ್ಕೆ ಬೇಕೇ ಎಂದು ಒಂದು ಉಪನ್ಯಾಸ ಕೊಟ್ಟೆ. ಅದೇ ಉಸಿರಿನಲ್ಲಿ, ನೀನು ಹೊರಗೆ ನಿಂತಿರು, ನಾನು ಒಳಗೆ ಹೋಗಿ ನೋಡಿಬರುತ್ತೇನೆ ಎಂದೆ. ಅವಳದು ಮೂಢನಂಬಿಕೆ, ನನ್ನದು ಸಂಸ್ಕೃತಿಯ ಅಧ್ಯಯನ.

ತಯಾರಿಯೂ ಆಗಿತ್ತು. ಮಸೀದಿಗೆ ಗೌರವದಿಂದ ಭೇಟಿ ಕೊಡುವುದು ಹೇಗೆಂಬ ಲೇಖನವೊಂದನ್ನು ಫೋನಿನಲ್ಲಿ ಓದಿದ್ದೆ. ಚಪ್ಪಲಿ ಬಿಡಿ, ತಲೆ ಮುಚ್ಚಿ, ನಮಾಜು ಮಾಡುವವರ ಮುಂದೆ ಹಾಯಬೇಡಿ, ಅಪ್ಪಣೆ ಕೇಳಿ. ಅಪ್ಪಣೆಗೆಂದು ನಾನು ಒಂದು ವಾಕ್ಯವನ್ನೇ ಕಟ್ಟಿಕೊಂಡಿದ್ದೆ. ಅದರಲ್ಲಿ ಪರಂಪರೆ ಎಂಬ ಪದವಿತ್ತು. ನಳದ ಕೆಳಗೆ ಕಾಲು ತೊಳೆಯುತ್ತಿದ್ದ ಬಿಳಿ ಗಡ್ಡದ ಮುದುಕರೊಬ್ಬರ ಮುಂದೆ ನಿಂತು ಬಾಯಿ ತೆರೆಯುವಷ್ಟರಲ್ಲಿ ಅವರು, “ಬರ್ರಿ, ಒಳಗ ಫ್ಯಾನ್ ಅದ, ಕುಂದರ್ರಿ” ಎಂದುಬಿಟ್ಟರು. ಪರಂಪರೆ ಬಾಯಲ್ಲೇ ಉಳಿಯಿತು.

ತಲೆಗೆ ಕರವಸ್ತ್ರ ಕಟ್ಟಿಕೊಂಡು ಹಿಂದಿನ ಗೋಡೆಗೆ ಬೆನ್ನು ಆನಿಸಿ ಕುಳಿತೆ. ಒಳಗಿನದನ್ನು ನಾನು ಹಿಂದೊಮ್ಮೆ ಬರೆದಾಗ ತಂಪು ನೆಲ, ಕಮಾನಿನಿಂದ ಇಳಿದ ಬೆಳಕು, ಒಂದು ಪಾರಿವಾಳ ಎಲ್ಲ ಬಂದಿದ್ದವು. ಪಾರಿವಾಳದ ಬಗ್ಗೆ ನನಗೀಗ ಅನುಮಾನವಿದೆ. ಖಚಿತವಾಗಿ ಇದ್ದದ್ದು ಫ್ಯಾನು, ಅದರ ಕಟಕಟ ಸದ್ದು, ಮತ್ತು ಹೊರಗಿನಿಂದ ಕೇಳುತ್ತಿದ್ದ ನನ್ನ ಮಗಳ ಅಳು.

ನಮಾಜು ಮುಗಿದು ಎಲ್ಲರೂ ಎದ್ದರು. ನಾನೂ ಎದ್ದು ಅವರ ನಡುವೆಯೇ ಹೊರಬಂದೆ. ಮೆಟ್ಟಿಲ ಬದಿಗೆ ತಾಯಂದಿರ ಸಾಲು. ನನ್ನ ಮುಂದಿನವರು ಊದುತ್ತ ಊದುತ್ತ ಇಳಿದರು. ಕಂಬಳಿ ಹೊದ್ದ ಹೆಂಗಸೊಬ್ಬಳು ತನ್ನ ಮಗನನ್ನು ನನ್ನ ಮುಖಕ್ಕೇ ಎತ್ತಿ ಹಿಡಿದಳು. ದೇವದುರ್ಗ ತಾಲೂಕಿನ ಜಾಲಹಳ್ಳಿ ಕಡೆಯಿಂದ ಕುರಿ ಹೊಡೆದುಕೊಂಡು ಬಂದವರಂತೆ. ಅದನ್ನು ಆಮೇಲೆ ಹೆಂಡತಿ ಹೇಳಿದಳು.

“ಯಪ್ಪಾ, ಒಂದೀಟು ಊದ್ರಿ. ಜ್ವರ ಬಿಡವಲ್ದು.”

ಲೇಖನದಲ್ಲಿ ಇದಕ್ಕೆ ನಿಯಮವಿರಲಿಲ್ಲ. ನಾನು ಅವರವನಲ್ಲ ಎಂದು ತೊದಲಿದೆ. ಹಿಂದೆ ಬರುತ್ತಿದ್ದ ಅದೇ ಮುದುಕರು ನೆರವಿಗೆ ಬಂದರು.

“ಯವ್ವಾ, ಅವರು ಬರೇ ನೋಡಾಕ ಬಂದವರು. ತಾ ಇಲ್ಲಿ, ನಾ ಊದ್ತೀನಿ.”

“ನೀವೂ ಊದ್ರಿ, ಅವರೂ ಊದ್ಲಿ. ಒಳಗಿಂದನ ಬಂದಾರಿಲ್ಲ?”

ಮುದುಕರು ನನ್ನನ್ನು ನೋಡಿ ನಕ್ಕರು. “ಊದಿಬಿಡ್ರಿ ಸಾರ್. ಹಿಂದ ಮಂದಿ ನಿಂತಾರ.”

ಊದಿದೆ. ಬಾಯಲ್ಲಿ ಏನನ್ನು ಓದಿಕೊಂಡೆ? ಗೆಳೆಯರಿಗೆ ಹೇಳುವಾಗ ಎರಡರ ಮಗ್ಗಿ ಎನ್ನುತ್ತೇನೆ, ನಗುತ್ತಾರೆ. ನಿಜವಾಗಿ ಏನೂ ಇರಲಿಲ್ಲ, ಬರೀ ಗಾಳಿ. ಆ ಹುಡುಗನ ಹಣೆಯ ಕಾವು ಮಾತ್ರ ನನ್ನ ತುಟಿಗೆ ತಿರುಗಿ ಬಡಿಯಿತು.

ಸಾಲಿನ ಕೊನೆಗೆ ಹೆಂಡತಿ ನಿಂತಿದ್ದಳು. ಎಲ್ಲವನ್ನೂ ನೋಡಿದ್ದಳು. ಕಣ್ಣು ತಪ್ಪಿಸಿ ದಾಟಿಹೋಗುವ ಉಪಾಯದಲ್ಲಿದ್ದೆ.

“ಮಂದಿ ಮಕ್ಕಳಿಗೆ ಊದಿ ಹೊಂಟ್ರಿ? ಇಕಿ ನಿಮ್ಮ ಮಗಳ್ರೀ.”

ಬಾಗಿ ಊದಿದೆ. ಬಸ್‌ ಸ್ಟ್ಯಾಂಡಿನಲ್ಲಿ ಮಿರ್ಚಿ ತಿಂದ ಬಾಯಿ. ಮಗಳು ಅಲ್ಲಿಯವರೆಗಿನ ಅಳುವೆಲ್ಲ ಬರೀ ಪೀಠಿಕೆ ಎಂಬಂತೆ ಕಿರುಚಿದಳು. ಸಾಲಿನ ಹೆಂಗಸರೆಲ್ಲ ನಕ್ಕರು, ಕಂಬಳಿಯವಳು ಎಲ್ಲರಿಗಿಂತ ಜೋರಾಗಿ. ಹೆಂಡತಿ ನಗಲಿಲ್ಲ. ಕೂಸನ್ನು ಮುದುಕರ ಕಡೆ ತಿರುಗಿಸಿದಳು. ಅವರು ಕಣ್ಣು ಮುಚ್ಚಿ, ಓದುವುದನ್ನೆಲ್ಲ ಓದಿ, ನಿಧಾನವಾಗಿ ಊದಿದರು.

ಇಲ್ಲಿಗೆ ಮಗಳು ಅಳು ನಿಲ್ಲಿಸಿ ಹಾಲು ಕುಡಿದಳು ಎಂದರೆ ಒಳ್ಳೆಯ ಕತೆ. ಹಲವು ಕಡೆ ಹಾಗೆ ಹೇಳಿ ಮೆಚ್ಚುಗೆಯನ್ನೂ ಗಳಿಸಿದ್ದೇನೆ. ನಡೆದದ್ದು ಬೇರೆ: ದೇವದುರ್ಗದವರೆಗೂ ಅತ್ತಳು. ಕಂಡಕ್ಟರು ಎರಡು ಸಲ ಬಂದು ಕೂಸಿಗೆ ಏನಾದರೂ ಕೊಡಿರೆಂದು ನಮಗೆ ಬುದ್ಧಿ ಹೇಳಿದರು.

ಮರುದಿನ ಸಂಜೆ ದೇವದುರ್ಗದ ಅತ್ತೆಯ ಮನೆಯಲ್ಲಿ ಅಳು ಮತ್ತೆ ಶುರುವಾಯಿತು. ಹೆಂಡತಿ ಕೂಸನ್ನು ತೂಗಿ ನೋಡಿದಳು. ನೋಡಿದ ಮೇಲೆ ಅವಳ ಮುಖ ಹೇಗಾಯಿತೆಂಬುದು ನನ್ನ ನೆನಪಿನಲ್ಲಿ ನಾನು ಅನುಮಾನಿಸದ ಒಂದೇ ಸಂಗತಿ. ಬಾಟಲಿಗೆ ನೀರು ತುಂಬಿ ನನ್ನ ಕೈಗೆ ಕೊಟ್ಟಳು. ನಾನು ಜೇಬಿನಿಂದ ಕರವಸ್ತ್ರ ತೆಗೆದೆ.

“ಅದು ಬ್ಯಾಡ. ಈ ಸಲ ಒಳಗ ಹೋಗಬ್ಯಾಡ್ರಿ. ನನ್ ಜೋಡಿ ಹೊರಗ ನಿಂದರ್ರಿ.”

ಮಗಳು ಹಾಲು ಕುಡಿಯತೊಡಗಿದ್ದು ಇನ್ನೂ ಕೆಲವು ದಿನಗಳ ಮೇಲೆ. ಅತ್ತೆ ತಾನು ಕೊಟ್ಟ ಓಂಕಾಳಿನ ನೀರಿನಿಂದ ಎನ್ನುತ್ತಾಳೆ, ಡಾಕ್ಟರು ತಾನಾಗಿಯೇ ಎನ್ನುತ್ತಾರೆ, ಹೆಂಡತಿ ಈ ವಿಷಯದಲ್ಲಿ ನನ್ನೊಡನೆ ಮಾತಾಡುವುದಿಲ್ಲ. ಆ ಸಂಜೆ ಮಾತ್ರ ನಾನು ಅತ್ತೆಯ ಓಣಿಯ ಮಸೀದಿಯ ಮುಂದೆ, ತಾಯಂದಿರ ಸಾಲಿನಲ್ಲಿ, ಮುಚ್ಚಳ ತೆಗೆದ ಬಾಟಲಿ ಹಿಡಿದು ನಿಂತೆ. ಮೊದಲು ಹೊರಬಂದವರು ಊದಿದರು. ಸಾಕು, ಮುಚ್ಚಿರಿ ಎಂದಳು ಹೆಂಡತಿ. ನಾನು ಮುಚ್ಚಲಿಲ್ಲ. ಎರಡನೆಯವರಿಗೆ ಹಿಡಿದೆ, ಅವರ ಹಿಂದಿನವರಿಗೂ ಹಿಡಿದೆ; ಕೆಮ್ಮುತ್ತ ಬಂದ ಒಬ್ಬರು ದಾಟಿಹೋಗುತ್ತಿದ್ದಾಗ, ಬಾಟಲಿ ಚಾಚಿ ಎರಡು ಹೆಜ್ಜೆ ಅವರ ಹಿಂದೆಯೇ ಹೋದೆ.