ಕೂಸಿಲ್ಲದ ಬಾಣಂತಿಗೆ ಕಟ್ಟಿದ ಅಂಟಿನುಂಡೆ

ಆ ಕಾಲದಲ್ಲಿ ನಮ್ಮ ಕಡೆ ಬಾಣಂತಿ ಇರುವ ಮನೆ ಯಾವುದೆಂದು ಯಾರೂ ತೋರಿಸಿಕೊಡಬೇಕಾಗಿರಲಿಲ್ಲ. ತುಪ್ಪದಲ್ಲಿ ಅಂಟು ಹುರಿಯುವ ವಾಸನೆ ಬೀದಿಯ ತಿರುವಿಗೇ ಬಂದು ಹೇಳಿಬಿಡುತ್ತಿತ್ತು. ಉಂಡೆ ಬಾಣಂತಿಯದೇ ಆದರೂ, ಕಟ್ಟುವ ದಿನ ಸುತ್ತ ಕೂತ ಮಕ್ಕಳಿಗೂ ಚೂರುಪಾರು ಸಿಗುತ್ತಿತ್ತು.

ನನಗಾಗ ಒಂಬತ್ತು ವರ್ಷವಿರಬೇಕು. ಲೇಪಾಕ್ಷಿ ಪಕ್ಕದ ಹಳ್ಳಿಯಲ್ಲಿ ಅಜ್ಜಿಯ ಮನೆ. ಅಮ್ಮನ ತಂಗಿ ಸರೋಜ ಚಿಕ್ಕಮ್ಮನನ್ನು ಕಲ್ಯಾಣದುರ್ಗಕ್ಕೆ ಕೊಟ್ಟಿದ್ದರು. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಬಸುರಾಗಿ ತವರಿಗೆ ಬಂದಿದ್ದಳು. ನನ್ನ ಅಂಗೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು, "ಒದೀತಾ ಐತೆ ನೋಡೇ, ನಿನ್ ಜೊತೆ ಕುಂಟೆಬಿಲ್ಲೆ ಆಡಕ್ಕೆ ಆತುರ ಇದುಕ್ಕೆ" ಅನ್ನುತ್ತಿದ್ದಳು.

ಹಿಂದೂಪುರದ ಆಸ್ಪತ್ರೆಯಲ್ಲಿ ಗಂಡುಮಗು ಹುಟ್ಟಿತು. ಅಮ್ಮ ಅಲ್ಲೇ ಉಳಿದಳು. ಮಗು ನೋಡಿಕೊಂಡು ಬಂದ ತಾತ ಚೀಲದ ತುಂಬ ಕೊಬ್ಬರಿ, ಉತ್ತುತ್ತೆ, ಬಾದಾಮಿ, ಗೋಡಂಬಿ, ದ್ರಾಕ್ಷಿ, ಅಂಟು ತಂದರು. ಮಾರನೆಯ ದಿನ ಎದುರುಮನೆಯ ರತ್ನಮ್ಮ ಕೊಬ್ಬರಿ ತುರಿಯಲು ಬಂದಳು. ಉತ್ತುತ್ತೆಯ ಬೀಜ ತೆಗೆಯುವುದು ನನ್ನ ಪಾಲಿಗೆ ಬಂತು. ಅಜ್ಜಿ ತುಪ್ಪಕ್ಕೆ ಅಂಟು ಹಾಕಿದರೆ ಹಳದಿ ಹರಳೆಲ್ಲ ಮಂಡಕ್ಕಿಯ ಹಾಗೆ ಬೆಳ್ಳಗೆ ಉಬ್ಬಿ ಬರುತ್ತಿತ್ತು.

ಬೆಲ್ಲದ ಪಾಕಕ್ಕೆ ಎಲ್ಲ ಸುರಿದು, ಕೈಗೆ ತುಪ್ಪ ಸವರಿಕೊಂಡು ಅಜ್ಜಿ ಬಿಸಿಬಿಸಿಯಾಗಿ ಉಂಡೆ ಕಟ್ಟತೊಡಗಿದ್ದಳು. ಆಗ ಚಿಕ್ಕಮ್ಮನ ಗಂಡ, ನಮ್ಮ ಚಿಕ್ಕಪ್ಪ, ಬಾಗಿಲಲ್ಲಿ ಬಂದು ನಿಂತರು. ಚಪ್ಪಲಿ ಬಿಟ್ಟಿರಲಿಲ್ಲ.

"ಅತ್ತೆ, ಕೂಸು ಹೋಗ್ಬುಡ್ತು. ರಾತ್ರಿಯೆಲ್ಲ ಉಸಿರಿಗೆ ಒದ್ದಾಡ್ತು."

"ಸರೋಜ?"

"ಚೆನ್ನಾಗವ್ಳೆ."

ಅಜ್ಜಿ ಪಾಕ ಹತ್ತಿದ ಕೈಯಲ್ಲೇ ಎದೆ ಎದೆ ಬಡಿದುಕೊಂಡಳು. ರತ್ನಮ್ಮ ಅಳುತ್ತಲೇ ಪಾತ್ರೆಯನ್ನು ಗೋಡೆಯ ಕಡೆ ಸರಿಸಿದಳು. ಸ್ವಲ್ಪ ಹೊತ್ತಿಗೆ ಅಜ್ಜಿ ಅದನ್ನು ಮತ್ತೆ ಎಳೆದುಕೊಂಡಳು.

"ಎವರಿಕಕ್ಕಾ ಇಂಕಾ? ಬಿಡ್ಡೇ ಲೇಡು ಕದಾ" ಎಂದಳು ರತ್ನಮ್ಮ ತೆಲುಗಿನಲ್ಲಿ. ಮಗುವೇ ಇಲ್ಲದ ಮೇಲೆ ಯಾರಿಗೆ ಎಂದು.

"ಕೂಸಿಲ್ದಿದ್ರೆ ನನ್ ಮಗಳು ಹೆತ್ತಿದ್ದು ಸುಳ್ಳಾ? ಆರಿದ್ರೆ ಉಂಡೆ ಕೂರಲ್ಲ. ಕಟ್ಟು."

ಇಬ್ಬರೂ ಬಿಕ್ಕುತ್ತಲೇ ಕಟ್ಟಿದರು. ನಾನೂ ಕಟ್ಟಿದೆ. ಅಂಗೈ ಸುಟ್ಟಿತು, ತುಪ್ಪ ಸವರಿಕೊಂಡು ಇನ್ನೊಂದು ಹಿಡಿದೆ.

ಚಿಕ್ಕಮ್ಮ ಮನೆಗೆ ಬಂದವಳು ಗೋಡೆಗೆ ಮುಖ ಮಾಡಿ ಮಲಗಿದಳು. ಕುಪ್ಪಸ ಮತ್ತೆಮತ್ತೆ ಹಾಲಿಗೆ ನೆನೆಯುತ್ತಿತ್ತು. ಅಮ್ಮ ಎದೆಗೆ ಬಟ್ಟೆ ಬಿಗಿದು ಕಟ್ಟಿ, ಹೊರಗೆ ಬಂದು ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅಜ್ಜಿ ಉಂಡೆ ತಂದಿಟ್ಟರೆ ಚಿಕ್ಕಮ್ಮ ತಟ್ಟೆ ತಳ್ಳಿದಳು.

"ಯಾರ್ ಕುಡೀಲಿ ಅಂತ ಹಾಲ್ ಬರ್ಸ್ಕಳ್ಳವ್ವ?"

ಅಜ್ಜಿ ಉರುಳಿಹೋದ ಉಂಡೆಯನ್ನು ಎತ್ತಿ ಬದಿಗಿಟ್ಟು, ಬೇರೊಂದನ್ನು ಮುರಿದಳು. "ಹಾಲಿಗಲ್ಲ ಕಣವ್ವ, ನಿನ್ ಸೊಂಟಕ್ಕೆ. ನಿನ್ ಕೂಸು ಹೋಯ್ತು, ನನ್ ಕೂಸಾದ್ರೂ ಉಳ್ಕಳ್ಳಿ" ಎಂದಳು.

ಚಿಕ್ಕಮ್ಮ ಅಜ್ಜಿಯ ತೊಡೆಯ ಮೇಲೆ ಬಿದ್ದು ಅತ್ತಳು. ಅಳು ನಿಂತ ಮೇಲೆ ಬಾಯಿ ತೆರೆದಳು, ಚಿಕ್ಕ ಮಕ್ಕಳ ಹಾಗೆ. ಬಾಗಿಲ ಹಿಂದಿದ್ದ ನನ್ನನ್ನು ಕರೆದು ಅರ್ಧ ಕೊಟ್ಟಳು. ಅಷ್ಟು ದಿನ ಆಸೆಪಟ್ಟಿದ್ದ ಉಂಡೆಯನ್ನು ತಿನ್ನದೆ ಕೈಯಲ್ಲೇ ಹಿಡಿದು ಕೂತೆ.

ತಿಂಗಳು ತುಂಬಿದ ಮೇಲೆ ಅವಳು ಬರಿಗೈಯಲ್ಲಿ ಕಲ್ಯಾಣದುರ್ಗದ ಬಸ್ಸು ಹತ್ತಿದಳು. ಆಮೇಲೆ ಅವಳಿಗೆ ಮಕ್ಕಳಾಗಲಿಲ್ಲ.

ಈಗ ಹಿಂದೂಪುರದ ಅಂಗಡಿಗಳಲ್ಲಿ ಡ್ರೈಫ್ರೂಟ್ ಲಡ್ಡು ಡಬ್ಬದಲ್ಲಿ ಸಿಗುತ್ತದೆ, ಹಬ್ಬಕ್ಕೂ ಕೊಡುತ್ತಾರೆ, ಆಫೀಸಿಗೂ ತರುತ್ತಾರೆ. ಯಾರ ಮನೆಯಲ್ಲಿ ಯಾರು ಹೆತ್ತರೆಂದು ಯಾವ ಬೀದಿಗೂ ಗೊತ್ತಾಗುವುದಿಲ್ಲ. ಅಜ್ಜಿ, ತಾತ, ಅಮ್ಮ, ಚಿಕ್ಕಪ್ಪ ಒಬ್ಬೊಬ್ಬರಾಗಿ ಹೋದರು.

ಮೊನ್ನೆ ಕಲ್ಯಾಣದುರ್ಗಕ್ಕೆ ಹೋಗಿದ್ದೆ. ಅವರೆಕಾಯಿ ಬಿಡಿಸುತ್ತಿದ್ದ ಚಿಕ್ಕಮ್ಮ ಇದ್ದಕ್ಕಿದ್ದಂತೆ ಕೇಳಿದಳು: "ಅವನು ಯಾರ್ ಥರ ಇದ್ದ ಅಂತ ನಿಮ್ಮಮ್ಮ ಯಾವತ್ತಾದ್ರೂ ಹೇಳಿದ್ಲೇನೇ?"

ಅವನು ಅಂದರೆ ಯಾರೆಂದು ನಾನು ಕೇಳಲಿಲ್ಲ.

"ನಂಗೆ ಮುಖ ಮರ್ತೋಯ್ತಾ ಐತೆ ಕಣೇ."

ಅವನನ್ನು ಕಂಡಿದ್ದವರಲ್ಲಿ ಉಳಿದಿರುವವಳು ಅವಳೊಬ್ಬಳೇ. ಅಮ್ಮ ನನಗೇನೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.